ಬೋರ್ಡ್ ನೋಡಿ ಟೊಂಕ ಒಪ್ಪಿಸಬ್ಯಾಡ್ರಿ: ಶಹಾಬಾದ ಸುತ್ತಮುತ್ತ ನೋಂದಾಯಿತ ಫಿಸಿಯೋಥೆರಪಿಸ್ಟ್ ಹುಡುಕೋದು ಹೆಂಗ?

ಶಹಾಬಾದ: ಫರಸಿ ಎತ್ತುವಾಗ ಟೊಂಕ ಹಿಡಿದು ನಾಲ್ಕು ದಿನವಾದರೂ ಬಗ್ಗಲು ಬರುತ್ತಿಲ್ಲ. ಇನ್ನೊಂದು ಮನೆಯಲ್ಲಿ ಆಯಿ ಬಚ್ಚಲಲ್ಲಿ ಜಾರಿ ಬಿದ್ದು ತೊಡೆ ಎಲುಬಿಗೆ ಆಪರೇಷನ್ ಆಗಿದೆ, ಮಂಚ ಬಿಟ್ಟು ಇಳಿಯುತ್ತಿಲ್ಲ. ಮತ್ತೊಂದು ಮನೆಯಲ್ಲಿ ಮುತ್ಯಾಗೆ ಲಕ್ವಾ ಹೊಡೆದು ಬಲಗೈ ಸೆಟೆದುಕೊಂಡಿದೆ. ಮೂವರ ಚೀಟಿಯಲ್ಲೂ ಡಾಕ್ಟರು ಕೊನೆಗೆ ಒಂದು ಸಾಲು ಬರೆದಿರುತ್ತಾರೆ: ಫಿಸಿಯೋಥೆರಪಿ ಮಾಡಿಸಿ. ಎಲ್ಲಿ, ಯಾರ ಹತ್ತಿರ, ಎಷ್ಟು ದಿನ ಎಂಬುದು ಚೀಟಿಯಲ್ಲಿ ಇರುವುದಿಲ್ಲ. ಅಲ್ಲಿಂದ ಶುರುವಾಗುತ್ತದೆ ಹುಡುಕಾಟ.

ಹುಡುಕಾಟ ಸಾಮಾನ್ಯವಾಗಿ ಮೆಡಿಕಲ್ ಅಂಗಡಿ ಕಟ್ಟೆಯಿಂದ ಶುರುವಾಗುತ್ತದೆ. ‘ಅವ್ರು ಮನೀಗೇ ಬಂದು ಕರೆಂಟ್ ಕೊಡ್ತಾರ್ರಿ, ಹತ್ತು ದಿನದಾಗ ಆರಾಮ’ ಎಂದು ಒಬ್ಬರು ಹೇಳುತ್ತಾರೆ. ‘ಆ ಊರಾಗ ಎಣ್ಣಿ ಹಚ್ಚಿ ತಿಕ್ಕವ್ರು ಇದ್ದಾರ, ಎಲುಬು ಕೂಡಸ್ತಾರ’ ಎಂದು ಇನ್ನೊಬ್ಬರು. ಹೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಆದರೆ ‘ಅವರು ಏನು ಓದಿದ್ದಾರೆ? ಎಲ್ಲಿ ರಿಜಿಸ್ಟರ್ ಆಗಿದ್ದಾರೆ?’ ಎಂದು ಕೇಳುವವರು ಕಡಿಮೆ. ಹತ್ತು ಸಾವಿರದ ಮೊಬೈಲ್ ತಗೊಳ್ಳುವಾಗ ಬಿಲ್ಲು, ವಾರಂಟಿ ಎಲ್ಲ ಕೇಳುವ ಮಂದಿ ಬೆನ್ನೆಲುಬನ್ನು ಒಪ್ಪಿಸುವಾಗ ಮಾತ್ರ ಬೋರ್ಡ್ ನೋಡಿ ಸುಮ್ಮನಾಗುತ್ತಾರೆ.

ಈ ಭಾಗಕ್ಕೆ ಇದು ಸಣ್ಣ ವಿಷಯವಲ್ಲ. ಶಹಾಬಾದ ಅಂದರೆ ಕಲ್ಲು. ಗಣಿಯಲ್ಲಿ ಫರಸಿ ಎಬ್ಬಿಸುವವರು, ಲಾರಿಗೆ ತುಂಬುವವರು, ಪಾಲಿಶ್ ಮಷೀನಿನ ಮುಂದೆ ಇಡೀ ದಿನ ಬಗ್ಗಿ ನಿಲ್ಲುವವರು, ಇವರೆಲ್ಲರ ಬಂಡವಾಳ ಟೊಂಕ ಮತ್ತು ಭುಜ. ವಾಡಿ, ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆ ಸಿಮೆಂಟ್ ಕಾರ್ಖಾನೆಗಳಲ್ಲಿ ಗುತ್ತಿಗೆ ಕೆಲಸ, ಲೋಡಿಂಗ್ ಕೆಲಸ. ಹೊಲದಲ್ಲಿ ತೊಗರಿ ರಾಶಿ ಮಾಡುವ ಹೆಣ್ಣುಮಕ್ಕಳ ಮೊಣಕಾಲು ಬೇರೆ. ಬಜಾರಿನ ಅಂಗಡಿಯವರೂ ಇದರಿಂದ ಹೊರಗಿಲ್ಲ. ಬೆಳಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರವರೆಗೆ ಗಲ್ಲಾದ ಮೇಲೆ ಕೂತವರಿಗೆ ಕುತ್ತಿಗೆ ನೋವು, ಸಕ್ಕರೆ ಕಾಯಿಲೆ ಇದ್ದರೆ ಭುಜ ಬಿಗಿದುಕೊಂಡು ಅಂಗಿ ತೋಳು ಹಾಕಿಕೊಳ್ಳಲೂ ಬರದಂತೆ ಆಗುವುದು ಸಾಮಾನ್ಯ. ದುಡಿಯುವ ದೇಹ ನಿಂತರೆ ಆ ವಾರದ ರೊಕ್ಕವೂ ನಿಲ್ಲುತ್ತದೆ.

ಫಿಸಿಯೋಥೆರಪಿ ಅಂದರೆ ಕರೆಂಟ್ ಅಲ್ಲ

ಬಹಳ ಮಂದಿಗೆ ಫಿಸಿಯೋಥೆರಪಿ ಅಂದರೆ ಮಷೀನ್ ಹಚ್ಚಿ ‘ಜುಂ ಜುಂ’ ಅನ್ನಿಸುವುದು, ಇಲ್ಲವೇ ಮಾಲೀಸು. ಖರೇ ಹೇಳಬೇಕೆಂದರೆ ಮಷೀನ್ ಈ ಚಿಕಿತ್ಸೆಯ ಸಣ್ಣ ಭಾಗ. ನೋವು ಸ್ವಲ್ಪ ಹೊತ್ತು ಇಳಿಯಲಿ, ಅಷ್ಟರಲ್ಲಿ ರೋಗಿ ಕೈಕಾಲು ಆಡಿಸಲಿ ಎಂಬುದಕ್ಕೆ ಅದರ ಉಪಯೋಗ. ಮುಖ್ಯ ಕೆಲಸ ಬೇರೆ ಇದೆ. ಯಾವ ಸ್ನಾಯು ಸೋತಿದೆ, ಯಾವ ಕೀಲು ಬಿಗಿದಿದೆ, ನರ ಎಲ್ಲಿ ಒತ್ತುತ್ತಿದೆ ಎಂದು ಪರೀಕ್ಷೆ ಮಾಡಿ, ಆ ಮನುಷ್ಯನಿಗೆ ತಕ್ಕ ವ್ಯಾಯಾಮ ಕಲಿಸಿ, ವಾರ ವಾರಕ್ಕೆ ಅದನ್ನು ಬದಲಿಸುತ್ತ ಅವನನ್ನು ಮತ್ತೆ ನಡೆಯುವಂತೆ, ಎತ್ತುವಂತೆ, ತನ್ನ ಕೈಯಿಂದ ಉಣ್ಣುವಂತೆ ಮಾಡುವುದು.

ನಮ್ಮ ದೇಶದಲ್ಲಿ ಇದರ ಮೊದಲ ಶಾಲೆ ಶುರುವಾಗಿದ್ದು 1950ರ ದಶಕದ ಮುಂಬೈಯಲ್ಲಿ, ಪೋಲಿಯೊ ಕಾಟದ ಕಾಲದಲ್ಲಿ. ಇವತ್ತು ಇದಕ್ಕೆ ಬಿಪಿಟಿ ಎಂಬ ಡಿಗ್ರಿ ಇದೆ. ಪಿಯುಸಿ ವಿಜ್ಞಾನದ ನಂತರ ನಾಲ್ಕು ವರ್ಷ ಓದು, ಆಮೇಲೆ ಆರು ತಿಂಗಳು ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್, ಒಟ್ಟು ನಾಲ್ಕೂವರೆ ವರ್ಷ. 2025ರಲ್ಲಿ ಬಂದ ಹೊಸ ಪಠ್ಯಕ್ರಮದಲ್ಲಿ ಇಂಟರ್ನ್‌ಶಿಪ್ ಒಂದು ವರ್ಷಕ್ಕೆ ಏರಿ ಒಟ್ಟು ಐದು ವರ್ಷವಾಗಿದೆ. ಅದರ ಮೇಲೆ ಎರಡು ವರ್ಷ ಓದಿದರೆ ಎಂಪಿಟಿ. ಅದರಲ್ಲಿ ಎಲುಬು-ಕೀಲು, ನರ, ಹೃದಯ-ಶ್ವಾಸಕೋಶ, ಮಕ್ಕಳು, ಕ್ರೀಡೆ ಎಂದು ವಿಭಾಗಗಳಿವೆ. ಲಕ್ವಾ ರೋಗಿಗೆ ನರ ವಿಭಾಗದ ಎಂಪಿಟಿ ಸಿಕ್ಕರೆ ಒಳ್ಳೆಯದೇ. ಆದರೆ ನಮ್ಮಂಥ ಊರಲ್ಲಿ ಒಳ್ಳೆಯ ಅನುಭವವಿರುವ ಬಿಪಿಟಿ ಸಿಕ್ಕರೂ ನಡೆಯುತ್ತದೆ. ಹುಡುಕುತ್ತ ಹುಡುಕುತ್ತ ದಿನ ಕಳೆಯುವುದಕ್ಕಿಂತ ಅದು ಲೇಸು.

ಇಷ್ಟು ದಿನ ಯಾರೂ ಕೇಳದಿದ್ದುದಕ್ಕೆ ಕಾರಣವಿದೆ

ಎಂಬಿಬಿಎಸ್ ಡಾಕ್ಟರಿಗೆ ಮೆಡಿಕಲ್ ಕೌನ್ಸಿಲ್, ವಕೀಲರಿಗೆ ಬಾರ್ ಕೌನ್ಸಿಲ್, ಮೆಡಿಕಲ್ ಅಂಗಡಿಗೆ ಡ್ರಗ್ ಲೈಸೆನ್ಸ್ ಇದೆ. ಫಿಸಿಯೋಥೆರಪಿಗೆ ದೇಶಕ್ಕೆಲ್ಲ ಒಂದೇ ಕಾನೂನು ಬಹಳ ವರ್ಷ ಇರಲೇ ಇಲ್ಲ. ದೆಹಲಿ 1997ರಲ್ಲಿ, ಮಹಾರಾಷ್ಟ್ರ 2002ರಲ್ಲಿ ತಮ್ಮದೇ ಕಾನೂನು ಮಾಡಿಕೊಂಡವು. ಹಾಗಾಗಿ ಇಲ್ಲಿಂದ ರೈಲು ಹತ್ತಿ ಸೊಲ್ಲಾಪುರಕ್ಕೆ ಹೋದರೆ ಅಲ್ಲಿಯ ಕ್ಲಿನಿಕ್ ಗೋಡೆಯ ಮೇಲೆ ಮಹಾರಾಷ್ಟ್ರ ಕೌನ್ಸಿಲ್ ನಂಬರ್ ಕೇಳಬಹುದಿತ್ತು. ಕರ್ನಾಟಕದಲ್ಲಿ ಅಂಥದ್ದು ಇರಲಿಲ್ಲ. ಇಂಡಿಯನ್ ಅಸೋಸಿಯೇಷನ್ ಆಫ್ ಫಿಸಿಯೋಥೆರಪಿಸ್ಟ್ಸ್ ಎಂಬ ಸಂಘ 1955ರಿಂದ ಇದೆ, ‘ಐಎಪಿ ಮೆಂಬರ್’ ಎಂದು ಬೋರ್ಡಿನಲ್ಲಿ ಬರೆದುಕೊಳ್ಳುವವರೂ ಇದ್ದಾರೆ. ಅದು ವೃತ್ತಿಯವರ ಸಂಘ. ಸದಸ್ಯತ್ವ ಬೇರೆ, ಲೈಸೆನ್ಸ್ ಬೇರೆ.

ಪರಿಸ್ಥಿತಿ ಬದಲಾಗಿದ್ದು 2021ರಲ್ಲಿ. ಆ ವರ್ಷ ಮಾರ್ಚ್‌ನಲ್ಲಿ ಸಂಸತ್ತು ‘ನ್ಯಾಷನಲ್ ಕಮಿಷನ್ ಫಾರ್ ಅಲೈಡ್ ಅಂಡ್ ಹೆಲ್ತ್‌ಕೇರ್ ಪ್ರೊಫೆಷನ್ಸ್’ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ಲ್ಯಾಬ್, ಎಕ್ಸ್‌ರೇ, ಅರಿವಳಿಕೆ ತಂತ್ರಜ್ಞರಿಂದ ಹಿಡಿದು 50ಕ್ಕೂ ಹೆಚ್ಚು ವೃತ್ತಿಗಳು ಇದರಡಿ ಬರುತ್ತವೆ. ಫಿಸಿಯೋಥೆರಪಿಗೆ ಅದರಲ್ಲಿ ಪ್ರತ್ಯೇಕ ವರ್ಗವೇ ಇದೆ. ಪ್ರತಿ ರಾಜ್ಯವೂ ಒಂದು ಕೌನ್ಸಿಲ್ ಮಾಡಬೇಕು, ವೃತ್ತಿ ಮಾಡುವವರ ಹೆಸರು ಅದರ ರಿಜಿಸ್ಟರ್‌ನಲ್ಲಿ ಇರಬೇಕು. ನಮ್ಮಲ್ಲಿ ಕರ್ನಾಟಕ ರಾಜ್ಯ ಅಲೈಡ್ ಅಂಡ್ ಹೆಲ್ತ್‌ಕೇರ್ ಕೌನ್ಸಿಲ್ ಬೆಂಗಳೂರಿನಲ್ಲಿದೆ. ರಿಜಿಸ್ಟರ್ ಆಗದೆ ಆಗಿದ್ದೇನೆಂದು ಸುಳ್ಳು ಹೇಳಿಕೊಂಡರೆ ಮೊದಲ ಸಲ ದಂಡ, ಮತ್ತೆ ಸಿಕ್ಕಿಬಿದ್ದರೆ ಜೈಲೂ ಆಗಬಹುದು.

ಇದರ ಜತೆಗೆ ಹಳೆಯ ಇನ್ನೊಂದು ಕಾನೂನು ಇದೆ, 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ. ಎಲ್ಲರೂ ಕರೆಯುವುದು ಕೆಪಿಎಂಇ ಎಂದು. ನರ್ಸಿಂಗ್ ಹೋಂ, ಲ್ಯಾಬ್, ಸ್ಕ್ಯಾನಿಂಗ್ ಸೆಂಟರ್ ಜತೆ ಫಿಸಿಯೋಥೆರಪಿ ಸೆಂಟರ್ ಹೆಸರೂ ಅದರಲ್ಲಿದೆ. ಅಂದರೆ ಒಂದೇ ಕೋಣೆಯ ಸೆಂಟರ್ ಆದರೂ ಕೆಪಿಎಂಇ ನೋಂದಣಿ ಬೇಕು, ಆ ಸರ್ಟಿಫಿಕೇಟ್ ಗೋಡೆಯ ಮೇಲೆ ಕಾಣುವಂತೆ ಇರಬೇಕು, ದರಪಟ್ಟಿಯೂ ಇರಬೇಕು. ಕಿರಾಣಿ ಅಂಗಡಿಯವರಿಗೆ ಟ್ರೇಡ್ ಲೈಸೆನ್ಸ್ ಅಂದರೆ ಏನೆಂದು ಹೇಳಿಕೊಡಬೇಕಿಲ್ಲ. ಇದೂ ಅದೇ ಲೆಕ್ಕ, ಆದರೆ ಇಲ್ಲಿ ತೂಕದಲ್ಲಿ ಮೋಸವಾದರೆ ಹೋಗುವುದು ಕೈಕಾಲು.

ಕೇಳಬೇಕಾದ್ದು ಮೂರೇ ಮಾತು

ಮೊದಲನೆಯದು ಡಿಗ್ರಿ. ‘ಸರ, ನಿಮ್ದು ಬಿಪಿಟಿ ಆಗ್ಯದೇನ್ರಿ? ಯಾವ ಕಾಲೇಜ್?’ ಎಂದು ಮರ್ಯಾದೆಯಿಂದ ಕೇಳಿದರೆ ಓದಿದವರು ಸಿಟ್ಟಾಗುವುದಿಲ್ಲ, ಖುಷಿಯಿಂದಲೇ ಹೇಳುತ್ತಾರೆ. ಕರ್ನಾಟಕದಲ್ಲಿ ಓದಿದ ಬಹುತೇಕರ ಸರ್ಟಿಫಿಕೇಟ್ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ್ದು. ಗಡಿ ಭಾಗವಾದ್ದರಿಂದ ಇಲ್ಲಿ ನಾಸಿಕ್‌ನ ಮಹಾರಾಷ್ಟ್ರ ಆರೋಗ್ಯ ವಿಶ್ವವಿದ್ಯಾಲಯದವರೂ, ವರಂಗಲ್‌ನ ಕಾಳೋಜಿ ನಾರಾಯಣರಾವ್ ವಿಶ್ವವಿದ್ಯಾಲಯದವರೂ ಸಿಗಬಹುದು. ಅದೂ ಸರಿಯೇ. ಖಾಸಗಿ, ಡೀಮ್ಡ್ ವಿಶ್ವವಿದ್ಯಾಲಯದ ಡಿಗ್ರಿಗಳೂ ಇವೆ. ಮೂರು ತಿಂಗಳು, ಆರು ತಿಂಗಳ ‘ಥೆರಪಿ ಕೋರ್ಸ್’ ಸರ್ಟಿಫಿಕೇಟು, ಅಂಚೆಯಲ್ಲಿ ತರಿಸಿದ ಡಿಪ್ಲೊಮಾ ತೋರಿಸಿದರೆ ಅದು ಈ ಡಿಗ್ರಿ ಅಲ್ಲ. 2021ರ ಕಾಯ್ದೆಯ ಪ್ರಕಾರ ಫಿಸಿಯೋಥೆರಪಿ ವೃತ್ತಿಗೆ ಡಿಗ್ರಿಯೇ ಕನಿಷ್ಠ ಅರ್ಹತೆ.

ಎರಡನೆಯದು ಕೌನ್ಸಿಲ್ ನಂಬರ್. ಇಲ್ಲಿ ಒಂದು ಮಾತು ಗಮನದಲ್ಲಿರಬೇಕು. ಕೌನ್ಸಿಲ್ ಹೊಸದು. ಹತ್ತು-ಹದಿನೈದು ವರ್ಷದಿಂದ ಒಳ್ಳೆಯ ಕೆಲಸ ಮಾಡುತ್ತಿರುವ ಅಸಲಿ ಬಿಪಿಟಿಯವರ ಅರ್ಜಿ ಇನ್ನೂ ದಾರಿಯಲ್ಲಿರಬಹುದು. ನಂಬರ್ ಇಲ್ಲ ಅಂದ ಕೂಡಲೇ ಅವರನ್ನು ಕಳ್ಳ ಎನ್ನುವುದು ತಪ್ಪು. ‘ಅರ್ಜಿ ಹಾಕಿದ್ದೀನಿ, ಇಲ್ಲಿ ನೋಡ್ರಿ’ ಎಂದು ಡಿಗ್ರಿ ಸಮೇತ ತೋರಿಸಿದರೆ ಸಾಕು. ‘ಅದೆಲ್ಲ ಯಾಕ ಬೇಕ್ರಿ, ನನ್ನ ಕೈಗುಣ ನೋಡ್ರಿ’ ಎನ್ನುವವರ ಮುಂದೆ ಚಪ್ಪಲಿ ಹಾಕಿಕೊಂಡು ಎದ್ದು ಬರುವುದು ಒಳ್ಳೆಯದು.

ಮೂರನೆಯದು ಗೋಡೆ. ಕೆಪಿಎಂಇ ಸರ್ಟಿಫಿಕೇಟ್ ಇದೆಯೇ, ಅದರ ಮೇಲಿನ ಹೆಸರು-ವಿಳಾಸ ಆ ಸೆಂಟರಿನದೇ ಹೌದೇ, ಅವಧಿ ಮುಗಿದಿದೆಯೇ? ಬೇರೆ ಊರಿನ ಶಾಖೆಯ ಕಲರ್ ಜೆರಾಕ್ಸ್ ಹಚ್ಚಿದ್ದರೆ ಅದಕ್ಕೆ ಬೆಲೆ ಇಲ್ಲ. ಇನ್ನೊಂದು ಚಾಳಿಯ ಬಗ್ಗೆಯೂ ಎಚ್ಚರವಿರಲಿ. ಸರ್ಟಿಫಿಕೇಟ್ ಒಬ್ಬ ಬಿಪಿಟಿ ಮೇಡಂ ಹೆಸರಲ್ಲಿ ಇರುತ್ತದೆ, ಅವರು ತಿಂಗಳಿಗೊಮ್ಮೆಯೂ ಬರುವುದಿಲ್ಲ, ದಿನಾ ಕೈ ಹಚ್ಚುವವನು ಹತ್ತನೇ ಕ್ಲಾಸಿನ ಹುಡುಗ. ಹಾಗಾಗಿ ಕೇಳಬೇಕಾದ ಪ್ರಶ್ನೆ: ‘ನಮಗ ದಿನಾ ಟ್ರೀಟ್‌ಮೆಂಟ್ ಕೊಡೋರು ಯಾರ್ರಿ?’

ಮನೆಗೆ ಬರುವವರಿಗೆ ಗೋಡೆ ಇರುವುದಿಲ್ಲ. ಅವರ ಡಿಗ್ರಿ, ನಂಬರ್ ಮೊಬೈಲಿನಲ್ಲಾದರೂ ನೋಡಬೇಕು. ಯಾವುದಾದರೂ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾರಾದರೆ ಆ ಆಸ್ಪತ್ರೆಗೆ ಒಂದು ಫೋನ್ ಮಾಡಿದರೆ ಗೊತ್ತಾಗುತ್ತದೆ.

ಹೆಸರಿನ ಮುಂದೆ ‘ಡಾ.’ ಇದ್ದರೆ?

ಈ ಎರಡು ಅಕ್ಷರದ ಮೇಲೆ ದೆಹಲಿಯಲ್ಲೇ ದೊಡ್ಡ ಜಗಳ ನಡೆದಿದೆ. 2025ರ ಹೊಸ ಪಠ್ಯಕ್ರಮದಲ್ಲಿ ಫಿಸಿಯೋಥೆರಪಿಸ್ಟ್‌ಗಳು ಹೆಸರಿನ ಮುಂದೆ ‘ಡಾ.’, ಹಿಂದೆ ‘ಪಿಟಿ’ ಎಂದು ಹಾಕಿಕೊಳ್ಳಬಹುದು ಎಂದಿತ್ತು. ಎಂಬಿಬಿಎಸ್ ಡಾಕ್ಟರುಗಳ ಸಂಘ ವಿರೋಧಿಸಿತು. ಸೆಪ್ಟೆಂಬರ್ 9ರಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ‘ಡಾ. ಹಾಕಬೇಡಿ’ ಎಂದು ಪತ್ರ ಬರೆಯಿತು, ಮರುದಿನವೇ ಆ ಪತ್ರವನ್ನು ಹಿಂದಕ್ಕೆ ತಗೊಂಡಿತು. ಶಹಾಬಾದದ ರೋಗಿಗೆ ಈ ಜಗಳದಿಂದ ಆಗಬೇಕಾದ್ದು ಏನೂ ಇಲ್ಲ. ‘ಡಾ.’ ನೋಡಿ ಇವರು ಎಂಬಿಬಿಎಸ್ ಎಂದೂ ತಿಳಿಯಬಾರದು, ಇಲ್ಲವೆಂದು ಕಡೆಗಣಿಸಲೂಬಾರದು. ಹೆಸರಿನ ಹಿಂದೆ ಬಿಪಿಟಿ ಅಥವಾ ಎಂಪಿಟಿ ಇದೆಯಾ, ಅಷ್ಟು ನೋಡಿದರೆ ಸಾಕು. ಬಿಎಎಂಎಸ್ ಅಂದರೆ ಆಯುರ್ವೇದ, ಬಿಎನ್‌ವೈಎಸ್ ಅಂದರೆ ಪ್ರಕೃತಿ ಚಿಕಿತ್ಸೆ ಮತ್ತು ಯೋಗ. ಅವರ ವಿದ್ಯೆ ಅವರಿಗೆ ಇದೆ, ಆದರೆ ಅದು ಫಿಸಿಯೋಥೆರಪಿ ಅಲ್ಲ. ಆಕ್ಯುಪ್ರೆಷರ್, ಕಪ್ಪಿಂಗ್, ಬಿಸಿ ಮಸಾಜ್ ಬೆಡ್ ಹಾಕಿ ‘ಉಚಿತ ಥೆರಪಿ’ ಎಂದು ಊರೂರಿಗೆ ಬರುವ ಸೆಂಟರುಗಳಂತೂ ಬೇರೆಯೇ ಧಂದೆ. ಅಲ್ಲಿ ಉಚಿತ ಎಂಬುದು ಬೆಡ್ ಮಾರುವವರೆಗೆ ಮಾತ್ರ.

ತಪ್ಪು ಕೈ ಬಿದ್ದರೆ ಏನಾಗುತ್ತದೆ

‘ತಿಕ್ಕಿದ್ರ ಏನ್ ಸಾಯ್ತಾರೇನ್ರಿ’ ಎಂಬ ಮಾತು ಕೇಳಿಬರುತ್ತದೆ. ಕೆಲವು ಸಲ ಅಷ್ಟೇ ದೊಡ್ಡ ಅನಾಹುತವಾಗುತ್ತದೆ.

ಮೊಳಕೈ ಮುರಿದ ಮಗುವಿನ ಪ್ಲಾಸ್ಟರ್ ಬಿಚ್ಚಿದ ಮೇಲೆ ಕೈ ಬಿಗಿದಿರುತ್ತದೆ. ಎಣ್ಣೆ ಹಚ್ಚಿ ಜೋರಾಗಿ ತಿಕ್ಕಿ, ಜಗ್ಗಿ ಮಡಚಿದರೆ ಸ್ನಾಯುವಿನ ಒಳಗೇ ಎಲುಬು ಬೆಳೆಯಲು ಶುರುವಾಗಬಹುದು. ಆಮೇಲೆ ಆ ಕೈ ಪೂರ್ತಿ ಮಡಚುವುದೇ ಕಷ್ಟ. ಎಲುಬಿನ ಡಾಕ್ಟರುಗಳು ‘ಮಾಲೀಸು ಬೇಡ’ ಎಂದು ಒತ್ತಿ ಹೇಳುವುದು ಇದಕ್ಕೇ. ಮುರಿದ ಕಾಲಿಗೆ ಬಿದಿರು ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿಸಿಕೊಂಡು ರಕ್ತ ಓಡಾಟ ನಿಂತು, ಕಡೆಗೆ ಕಾಲು ತೆಗೆಸಬೇಕಾಗಿ ಬರುವುದೂ ಉಂಟು.

ಲಕ್ವಾ ಹೊಡೆದವರ ಭುಜ ಸಡಿಲಾಗಿರುತ್ತದೆ. ಎಬ್ಬಿಸುವಾಗ ಆ ಕೈ ಹಿಡಿದು ಜಗ್ಗಿದರೆ ಭುಜದ ಕೀಲು ಜಾರುತ್ತದೆ, ನೋವು ತಿಂಗಳಾನುಗಟ್ಟಲೆ ಉಳಿಯುತ್ತದೆ. ಮನೆಯವರು ಪ್ರೀತಿಯಿಂದಲೇ ಮಾಡುವ ತಪ್ಪು ಇದು. ಹೆಗಲ ಕೆಳಗೆ, ಬೆನ್ನಿಗೆ ಆಧಾರ ಕೊಟ್ಟು ಎಬ್ಬಿಸುವುದನ್ನು ಫಿಸಿಯೋಥೆರಪಿಸ್ಟ್ ಮೊದಲ ದಿನವೇ ಕಲಿಸಬೇಕು.

ಮಷೀನಿಗೂ ನಿಯಮ ಇದೆ. ಎದೆಯಲ್ಲಿ ಪೇಸ್‌ಮೇಕರ್ ಇದ್ದವರಿಗೆ, ಗರ್ಭಿಣಿಯರ ಹೊಟ್ಟೆ-ಟೊಂಕಕ್ಕೆ ಕಂಡ ಕಂಡ ಕರೆಂಟ್ ಮಷೀನ್ ಹಚ್ಚುವಂತಿಲ್ಲ. ಒಳಗೆ ರಾಡು, ಪ್ಲೇಟು ಇದ್ದ ಜಾಗಕ್ಕೆ ಆಳಕ್ಕೆ ಶಾಖ ಕೊಡುವ ಡಯಾಥರ್ಮಿ ಹಚ್ಚಿದರೆ ಲೋಹ ಕಾದು ಸುಡಬಹುದು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಬಿಸಿ ಮೇಣ, ಬಿಸಿ ಪ್ಯಾಕ್ ಇಟ್ಟರೆ ಸುಟ್ಟದ್ದೇ ಗೊತ್ತಾಗುವುದಿಲ್ಲ, ಗಾಯ ಮಾತ್ರ ಮಾಯುವುದಿಲ್ಲ. ಮಷೀನ್ ಹಚ್ಚುವ ಮೊದಲು ಈ ಪ್ರಶ್ನೆಗಳನ್ನು ಕೇಳದವರು ಏನು ಓದಿದ್ದಾರೆ ಎಂಬುದು ಅಲ್ಲೇ ಗೊತ್ತಾಯಿತು.

ಕುತ್ತಿಗೆ ‘ಕಟ್’ ಅನ್ನಿಸುವ ಚಟ ಇರುವವರು 2024ರಲ್ಲಿ ಬಳ್ಳಾರಿಯಿಂದ ಬಂದ ಸುದ್ದಿ ನೆನಪಿಟ್ಟುಕೊಳ್ಳಬೇಕು. ಕಟಿಂಗ್ ಅಂಗಡಿಯಲ್ಲಿ ತಲೆ ಮಾಲೀಸು ಮಾಡಿ ಕುತ್ತಿಗೆ ತಿರುವಿದಾಗ ಒಳಗಿನ ರಕ್ತನಾಳಕ್ಕೆ ಪೆಟ್ಟಾಗಿ ಸಣ್ಣ ವಯಸ್ಸಿನ ಯುವಕನಿಗೆ ಪಾರ್ಶ್ವವಾಯು ಆಗಿತ್ತು.

ಇನ್ನು ಕೆಲವು ನೋವಿಗೆ ಫಿಸಿಯೋಥೆರಪಿಸ್ಟ್ ಹತ್ತಿರವೂ ಮೊದಲು ಹೋಗಬಾರದು, ಸೀದಾ ಆಸ್ಪತ್ರೆಗೇ ಹೋಗಬೇಕು. ಟೊಂಕ ನೋವಿನ ಜತೆ ಮೂತ್ರ-ಮಲದ ಹಿಡಿತ ತಪ್ಪುವುದು, ಕೂರುವ ಜಾಗ ಜೋಮು ಹಿಡಿಯುವುದು, ಕಾಲಿನ ಬಲ ದಿನದಿನಕ್ಕೆ ಇಳಿಯುವುದು, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ರಾತ್ರಿ ಮಲಗಿದಾಗ ಹೆಚ್ಚುವ ನೋವು ಇವೆಲ್ಲ ಒಳಗೆ ಬೇರೇನೋ ಇದೆ ಎಂಬ ಸೂಚನೆ. ಬಾಯಿ ಸೊಟ್ಟಾಗಿ, ಒಂದು ಕೈ ಬಿದ್ದು, ಮಾತು ತೊದಲಿದರೆ 108ಕ್ಕೆ ಫೋನ್ ಮಾಡಬೇಕು. ಮಿದುಳಿನ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಇರುವ ಸಮಯ ನಾಲ್ಕೂವರೆ ತಾಸು ಮಾತ್ರ. ಲಕ್ವಾ ಔಷಧಿಗೆ ಹಳ್ಳಿ ಹಳ್ಳಿ ಸುತ್ತಿ ಮೂರನೇ ದಿನ ಕಲಬುರಗಿಗೆ ಹೋದರೆ ಆ ಬಾಗಿಲು ಮುಚ್ಚಿರುತ್ತದೆ. ಫಿಸಿಯೋಥೆರಪಿ ಬರುವುದು ಜೀವ ಉಳಿದ ಮೇಲೆ. ಆದರೆ ಅದು ತಡವಾಗಬಾರದು. ಮೊದಲ ಮೂರು ತಿಂಗಳಲ್ಲಿ ಚೇತರಿಕೆ ವೇಗವಾಗಿ ಆಗುತ್ತದೆ.

ಹಾಗಾದರೆ ಸಿಗುವುದೆಲ್ಲಿ

ಮೊದಲು ನೋಡಬೇಕಾದ್ದು ಚೀಟಿ ಬರೆದ ಡಾಕ್ಟರನ್ನೇ. ‘ಸರ, ಯಾರ ಹತ್ರ ಹೋಗ್ಲಿ, ಹೆಸರು ಬರ್ದು ಕೊಡ್ರಿ, ಏನ್ ಮಾಡಬಾರದು ಅದ್ನೂ ಬರೀರಿ’ ಎಂದು ಅಲ್ಲೇ ಕೇಳಬೇಕು. ಆಪರೇಷನ್ ಆದವರಿಗಂತೂ ಕಾಲು ಯಾವಾಗ ಊರಬೇಕು, ಎಷ್ಟು ಭಾರ ಹಾಕಬೇಕು ಎಂಬುದು ಬರಹದಲ್ಲಿ ಬೇಕು. ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗುವ ದಿನವೇ ಇದನ್ನು ಮುಗಿಸಿಕೊಂಡರೆ ಮುಂದಿನ ಅರ್ಧ ಅಲೆದಾಟ ಉಳಿಯುತ್ತದೆ.

ಸರ್ಕಾರಿ ದಾರಿ ಹಿಡಿಯುವವರು ಶಹಾಬಾದ ಸಮುದಾಯ ಆರೋಗ್ಯ ಕೇಂದ್ರ, ಚಿತ್ತಾಪುರ, ಸೇಡಂ, ಚಿಂಚೋಳಿಯ ತಾಲ್ಲೂಕು ಆಸ್ಪತ್ರೆಗಳಲ್ಲಿ ವಿಚಾರಿಸಬೇಕು. ಫಿಸಿಯೋಥೆರಪಿಸ್ಟ್ ಹುದ್ದೆ ಇದೆಯೇ, ಯಾವ ದಿನ ಕೂರುತ್ತಾರೆ ಎಂದು ಫೋನ್ ಮಾಡಿ ಕೇಳಿಯೇ ಹೋಗಬೇಕು, ಲಕ್ವಾ ರೋಗಿಯನ್ನು ಆಟೊದಲ್ಲಿ ಒಯ್ದ ಮೇಲೆ ‘ಇವತ್ತ ಬಂದಿಲ್ಲ’ ಅನ್ನಿಸಿಕೊಳ್ಳುವುದಕ್ಕಿಂತ. ಕಲಬುರಗಿಯಲ್ಲಿ ಜಿಮ್ಸ್ ಆಸ್ಪತ್ರೆ ಇದೆ. ಇಎಸ್ಐ ಕಾರ್ಡ್ ಇದ್ದ ಕಾರ್ಮಿಕರಿಗೆ, ಅಂದರೆ ತಿಂಗಳ ಸಂಬಳ 21,000 ರೂಪಾಯಿಯ ಒಳಗಿದ್ದು ಕಂಪನಿ ಅಥವಾ ಗುತ್ತಿಗೆದಾರ ಇಎಸ್ಐ ಕಟ್ಟುತ್ತಿದ್ದರೆ, ಸೇಡಂ ರಸ್ತೆಯ ಇಎಸ್ಐಸಿ ಮೆಡಿಕಲ್ ಕಾಲೇಜು ಆಸ್ಪತ್ರೆ ಹಕ್ಕಿನ ಜಾಗ. ಕಾರ್ಮಿಕರ ಮನೆಯವರಿಗೂ ಅದು ಅನ್ವಯಿಸುತ್ತದೆ. ಸಂಬಳದಲ್ಲಿ ಇಎಸ್ಐ ಕಡಿತವಾಗುತ್ತಿದ್ದರೂ ಕಾರ್ಡ್ ಕೈಯಲ್ಲಿಲ್ಲದಿದ್ದರೆ ಮೊದಲು ಕಾಂಟ್ರಾಕ್ಟರ್ ಬೆನ್ನು ಹತ್ತಬೇಕು. ವಾಡಿಯ ರೈಲ್ವೆ ನೌಕರರಿಗೆ ಸೊಲ್ಲಾಪುರದ ರೈಲ್ವೆ ಆಸ್ಪತ್ರೆಯ ದಾರಿ ಗೊತ್ತೇ ಇದೆ.

ಮಕ್ಕಳ ವಿಷಯ ಬೇರೆ. ಹುಟ್ಟಿನಿಂದ ಕೈಕಾಲು ಬಿಗಿ ಇರುವ, ತಡವಾಗಿ ಕೂರುವ-ನಡೆಯುವ ಮಗುವಿದ್ದರೆ ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಗೆ ಹೇಳಿ ಆರ್‌ಬಿಎಸ್‌ಕೆ ತಂಡಕ್ಕೆ ತೋರಿಸಬೇಕು. ಅವರು ಜಿಲ್ಲಾ ಮಟ್ಟದ ಶೀಘ್ರ ಪತ್ತೆ ಕೇಂದ್ರಕ್ಕೆ ಕಳಿಸುತ್ತಾರೆ. ಶಾಲೆ ವಯಸ್ಸಿನ ವಿಶೇಷ ಮಕ್ಕಳಿಗೆ ಸಮಗ್ರ ಶಿಕ್ಷಣದಡಿ ಬ್ಲಾಕ್ ಸಂಪನ್ಮೂಲ ಕೇಂದ್ರದಲ್ಲಿ ನಿಗದಿತ ದಿನ ಫಿಸಿಯೋಥೆರಪಿ ಕೊಡಿಸುವ ವ್ಯವಸ್ಥೆ ಇದೆ. ಹೆಡ್‌ಮಾಸ್ತರರನ್ನು ಕೇಳಿ, ಬಿಇಒ ಕಚೇರಿಯಲ್ಲಿ ವಿಚಾರಿಸಿದರೆ ದಿನ, ಜಾಗ ಹೇಳುತ್ತಾರೆ. ಅಂಗವಿಕಲರಿಗಾಗಿ ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯು, ತಾಲ್ಲೂಕು ಪಂಚಾಯಿತಿಯಲ್ಲಿ ಎಂಆರ್‌ಡಬ್ಲ್ಯು, ನಗರಸಭೆ-ಪುರಸಭೆಯಲ್ಲಿ ಯುಆರ್‌ಡಬ್ಲ್ಯು ಎಂಬ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರೇ ಫಿಸಿಯೋಥೆರಪಿ ಕೊಡುವವರಲ್ಲ, ಆದರೆ ಯುಡಿಐಡಿ ಕಾರ್ಡ್, ಗಾಲಿಕುರ್ಚಿ, ಕ್ಯಾಲಿಪರ್, ಶಿಬಿರ ಎಲ್ಲಿ ಎಂಬುದು ಅವರಿಗೆ ಗೊತ್ತಿರುತ್ತದೆ. ಇವರ ಫೋನ್ ನಂಬರ್ ಗೊತ್ತಿರುವ ಮನೆಗಳು ಮಾತ್ರ ಬಹಳ ಕಡಿಮೆ.

ಖಾಸಗಿಯವರ ಪೈಕಿ ಬಿಪಿಟಿ ಮುಗಿಸಿದ ಹುಡುಗ-ಹುಡುಗಿಯರು ಬೆಂಗಳೂರು, ಹೈದರಾಬಾದ್ ಕಡೆಗೇ ಹೋಗುವುದು ಹೆಚ್ಚು. ತಾಲ್ಲೂಕಿನಲ್ಲಿ ಸಂಬಳ ಕಡಿಮೆ, ರೋಗಿಗಳು ಮೂರೇ ದಿನಕ್ಕೆ ಬಿಟ್ಟು ಬಿಡುತ್ತಾರೆ. ಹಾಗಾಗಿ ಊರಲ್ಲಿ ಅಸಲಿ ಒಬ್ಬರು ಕ್ಲಿನಿಕ್ ಹಾಕಿದ್ದರೆ ಅವರನ್ನು ಉಳಿಸಿಕೊಳ್ಳುವುದೂ ಊರಿನ ಕೆಲಸವೇ.

ಓಡಾಟದ ಲೆಕ್ಕ

ಶಹಾಬಾದದಿಂದ ಕಲಬುರಗಿ 25-30 ಕಿಲೋಮೀಟರ್. ಸೇಡಂ, ಚಿಂಚೋಳಿಯವರಿಗೆ ಇನ್ನೂ ದೂರ, ಅವರಲ್ಲಿ ಕೆಲವರಿಗೆ ತಾಂಡೂರೇ ಸಮೀಪ. ದಿನಾ ಹೋಗಿ ಬರುವುದೆಂದರೆ ಚಿಕಿತ್ಸೆಗಿಂತ ಗಾಡಿ ಬಾಡಿಗೆಯೇ ಜಾಸ್ತಿ, ಜತೆಗೆ ಹೋಗುವವರ ಕೂಲಿಯೂ ಹೋಯಿತು. ‘ಹದಿನೈದು ದಿನ ದಿನಾ ಬರ್ರಿ’ ಎಂದಾಗ ಬಡವರು ಚಿಕಿತ್ಸೆಯನ್ನೇ ಬಿಡುವುದು ಇಲ್ಲೇ.

ಇದಕ್ಕೊಂದು ನಡುದಾರಿ ಇದೆ. ಮೊದಲ ಸಲ ಕಲಬುರಗಿಗೆ ಹೋಗಿ ಪೂರ್ತಿ ಪರೀಕ್ಷೆ ಮಾಡಿಸಬೇಕು. ‘ನಾವು ದೂರದವ್ರು, ದಿನಾ ಬರಲಾಗಂಗಿಲ್ಲ, ಮನ್ಯಾಗ ಮಾಡೋದು ಕಲಿಸಿಕೊಡ್ರಿ’ ಎಂದು ಮೊದಲೇ ಹೇಳಬೇಕು. ವ್ಯಾಯಾಮ ಮಾಡಿಸುವುದನ್ನು ಮನೆಯ ಒಬ್ಬರು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಬೇಕು. ಎಷ್ಟು ಸಲ, ದಿನಕ್ಕೆ ಎಷ್ಟು ಹೊತ್ತು, ಯಾವ ನೋವು ಬಂದರೆ ನಿಲ್ಲಿಸಬೇಕು ಎಂದು ಬರೆಸಿಕೊಳ್ಳಬೇಕು. ಆಮೇಲೆ ಹತ್ತು-ಹದಿನೈದು ದಿನಕ್ಕೊಮ್ಮೆ ಹೋಗಿ ತೋರಿಸಿದರೆ ನಡೆಯುತ್ತದೆ. ಇದು ಎಲ್ಲ ಕಾಯಿಲೆಗೂ ಆಗುವುದಿಲ್ಲ, ಹೊಸದಾಗಿ ಲಕ್ವಾ ಆದವರಿಗೆ ಕೈ ಹಚ್ಚುವವರು ಪದೇ ಪದೇ ಬೇಕು. ಆದರೆ ಟೊಂಕ, ಮೊಣಕಾಲು, ಬಿಗಿದ ಭುಜಕ್ಕೆ ಬಹಳ ಮಟ್ಟಿಗೆ ಸಾಕು. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಿಂದ ಕಲ್ಯಾಣ ಕರ್ನಾಟಕ ಸಾರಿಗೆಯ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ರೊಕ್ಕವೂ ಉಳಿಯುತ್ತದೆ. ಆಯಿ ಜತೆ ಸೊಸೆ ಹೋದರೆ ಇಬ್ಬರದೂ ಉಚಿತ.

ರೊಕ್ಕದ ಮಾತನ್ನು ಮೊದಲೇ ಆಡಬೇಕು. ಒಂದು ದಿನಕ್ಕೆ ಎಷ್ಟು, ಮನೆಗೆ ಬಂದರೆ ಎಷ್ಟು? ರೋಗಿಯನ್ನು ನೋಡುವ ಮೊದಲೇ ‘ಮೂವತ್ತು ದಿನದ ಪ್ಯಾಕೇಜ್, ಅಡ್ವಾನ್ಸ್ ಕಟ್ರಿ’ ಎನ್ನುವವರ ಬಗ್ಗೆ ಅನುಮಾನ ಇರಲಿ. ‘ಪೂರ್ತಿ ಗ್ಯಾರಂಟಿ’ ಎಂದರೆ ಅನುಮಾನ ಎರಡು ಪಟ್ಟು. ಓದಿದವರು ಗ್ಯಾರಂಟಿ ಕೊಡುವುದಿಲ್ಲ. ‘ಎರಡು ವಾರ ನೋಡೋಣ, ಇಷ್ಟು ಬದಲಾವಣೆ ಕಾಣಬೇಕು, ಕಾಣದಿದ್ದರೆ ಡಾಕ್ಟರಿಗೆ ವಾಪಸ್ ಕಳಿಸ್ತೀನಿ’ ಎನ್ನುತ್ತಾರೆ. ಮೊದಲ ದಿನ ಹಳೆ ಕಾಯಿಲೆ, ಔಷಧಿ, ಬಿಪಿ-ಶುಗರ್ ಕೇಳಿ, ರಿಪೋರ್ಟ್ ನೋಡಿ, ನಡೆಸಿ, ಬಗ್ಗಿಸಿ, ಬರೆದುಕೊಂಡು ಆಮೇಲೆ ಕೈ ಹಚ್ಚುತ್ತಾರೆ. ಬಂದ ಕೂಡಲೇ ಮಲಗಿಸಿ ಮಷೀನ್ ಹಚ್ಚಿ, ಇಪ್ಪತ್ತು ನಿಮಿಷ ಮೊಬೈಲ್ ನೋಡುತ್ತ ಕೂತು ಎದ್ದು ಹೋಗುವವರು ಡಿಗ್ರಿ ಇದ್ದವರಾದರೂ ಕೆಲಸ ಮಾಡುತ್ತಿಲ್ಲ ಎಂದೇ ಅರ್ಥ. ಹೆಣ್ಣುಮಕ್ಕಳು ಚಿಕಿತ್ಸೆ ವೇಳೆ ಮನೆಯವರೊಬ್ಬರು ಒಳಗೆ ಇರಲಿ ಎಂದು ಕೇಳಬಹುದು, ಮಹಿಳಾ ಫಿಸಿಯೋಥೆರಪಿಸ್ಟ್ ಬೇಕು ಎಂದೂ ಕೇಳಬಹುದು. ಇದರಲ್ಲಿ ನಾಚಿಕೆಯ ಮಾತಿಲ್ಲ.

ದೂರು ಕೊಡಬೇಕೆಂದರೆ

ಸರ್ಟಿಫಿಕೇಟ್ ಇಲ್ಲದ ಸೆಂಟರ್, ಸುಳ್ಳು ಡಿಗ್ರಿ, ಚಿಕಿತ್ಸೆಯಿಂದ ಆದ ಪೆಟ್ಟು, ಇವಕ್ಕೆ ಕೆಪಿಎಂಇ ಕಾಯ್ದೆಯಡಿ ಜಿಲ್ಲೆಯಲ್ಲಿ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರ ಇದೆ. ಜಿಲ್ಲಾಧಿಕಾರಿ ಅದರ ಅಧ್ಯಕ್ಷರು, ಜಿಲ್ಲಾ ಆರೋಗ್ಯಾಧಿಕಾರಿ ಸದಸ್ಯ ಕಾರ್ಯದರ್ಶಿ. ಕಲಬುರಗಿಯವರೆಗೆ ಹೋಗಲಾಗದವರು ತಾಲ್ಲೂಕು ಆರೋಗ್ಯಾಧಿಕಾರಿ ಕಚೇರಿಯಲ್ಲಿ ಅರ್ಜಿ ಕೊಡಬಹುದು. ಶಹಾಬಾದ ಹೊಸ ತಾಲ್ಲೂಕು, ಚಿತ್ತಾಪುರದಿಂದ ಬೇರೆಯಾದದ್ದು. ಇಲ್ಲಿ ‘ನಮ್ಮಲ್ಲಿ ಬರೋದಿಲ್ಲ’ ಅಂದರೆ ಯಾವ ಕಚೇರಿಯಲ್ಲಿ ಬರುತ್ತದೆ ಎಂದು ಬರೆಸಿಕೊಂಡೇ ಬರಬೇಕು. ಫಿಸಿಯೋಥೆರಪಿಸ್ಟ್‌ನ ನೋಂದಣಿ ಬಗ್ಗೆ ದೂರಿದ್ದರೆ ಅದು ಬೆಂಗಳೂರಿನ ಕೌನ್ಸಿಲ್‌ಗೆ.

ಬಾಯಿಮಾತಿನ ದೂರು ಕಚೇರಿಯ ಕಟ್ಟೆ ದಾಟುವುದಿಲ್ಲ. ಹಾಗಾಗಿ ಮೊದಲ ದಿನದಿಂದಲೇ ಡಾಕ್ಟರ ಚೀಟಿ, ಎಕ್ಸ್‌ರೇ, ಕೊಟ್ಟ ರೊಕ್ಕದ ರಸೀದಿ, ಫೋನ್‌ಪೇ ಮಾಡಿದ್ದರೆ ಅದರ ಸ್ಕ್ರೀನ್‌ಶಾಟ್, ಬೋರ್ಡಿನ ಫೋಟೊ ಎಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಂಡಿರಬೇಕು. ಅರ್ಜಿ ಎರಡು ಪ್ರತಿ ಮಾಡಿ, ಒಂದರ ಮೇಲೆ ತಾರೀಖು ಸಮೇತ ಸ್ವೀಕೃತಿ ಸೀಲು ಹಾಕಿಸಿಕೊಂಡು ಬರಬೇಕು.